ಹೊಟ್ಟೆ ಸಡಿಲ ಬಿಡಿ

ನಮ್ಮ ಅಕ್ಕನ ಗಂಡ ಚನ್ನಬಸು ಮಾಮಾ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರಗಳ ವಿಕಿರಣ ಅಳೆಯುವ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಅವನು ರಿಪೇರಿಗೆ ಕೈಹಾಕಿದ ಮಿಕ್ಸರ್ ಯಾವುದೂ ಮತ್ತೆ ತಿರುಗಿಲ್ಲ. ಅಂಥವನು ಹೊಸ ಸಾಫ್ಟ್‌ವೇರ್ ಮಾಡಿದ್ದೇನೆ, ನೋಡಲು ಆಸ್ಪತ್ರೆಗೆ ಬಾ ಎಂದು ಕರೆದಾಗ ನಾನು ಹೋಗಬಾರದಿತ್ತು.

"ಹೃದಯದ ಕಟ್ಟಿದ ನಾಳ ಬಿಡಸೋವಾಗ ಮಂಚದ ಕೆಳಗಿಂದ ಎಕ್ಸ್‌ರೇ ಬಿಡ್ತಾರ. ಬಹಳ ಹೊತ್ತು ಒಂದೇ ಕಡೆ ಬಿದ್ರ ಬೆನ್ನಿನ ಚರ್ಮ ಸುಡ್ತದ. ಇದು ಮೈ ಆಕಾರ ನೋಡಿ, ಎಲ್ಲಿ ಎಷ್ಟು ಬಿತ್ತು ಅಂತ ಬಣ್ಣದಾಗ ತೋರಸ್ತದ. ಹಸಿರಿದ್ರ ಚಿಂತಿಲ್ಲ, ಕೆಂಪಾದ್ರ ಕೋನ ಬದಲಸ್ಬೇಕು," ಅಂದ ಮಾಮಾ, ಮೀಸೆ ತೀಡುತ್ತ.

"ನನ್ನಿಂದೇನಾಗ್ಬೇಕು ಮಾಮಾ?"

"ಮನಷ್ಯಾನ ಮೈ ಹೆಂಗಿರ್ತದ ಅಂತ ಅದಕ್ಕ ಕಲಸ್ಬೇಕು. ಅಂಗಿ ತಗದು ಮಲಕೋ."

"ನನ್ನೊಬ್ಬನ್ನ ನೋಡಿ ಎಲ್ಲಾರ ಮೈ ಕಲೀತದೇನು?"

"ಒಬ್ಬನ್ನ ನೆಟ್ಟಗ ಕಲ್ತ್ರ ಎಲ್ಲಾರ್ನೂ ಕಲ್ತಂಗ!"

ಎಕ್ಸ್‌ರೇ ಏನೂ ಇರಲಿಲ್ಲ, ಮೇಲೆ ಕ್ಯಾಮೆರಾಗಳಿದ್ದವು ಅಷ್ಟೆ. ಮಲಗಿದೆ. ಅಷ್ಟರಲ್ಲಿ ಹೃದಯದ ಡಾಕ್ಟರ್ ಹಂಪಿಹೊಳಿ ಮೇಡಂ ಸಿಸ್ಟರುಗಳನ್ನು ಕರೆದುಕೊಂಡು ಒಳಗೆ ಬಂದರು. ನಾನು ಹೈಸ್ಕೂಲಿನ ಡ್ರಿಲ್ ಮಾಸ್ತರ. ಡ್ರಿಲ್ ಮಾಸ್ತರನಿಗೆ ಇಂಥ ಹೊಟ್ಟೆ ಇದೆ ಎಂದು ಊರಿಗೆಲ್ಲ ಗೊತ್ತಾಗಬೇಕೆ? ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡೆ. ಮೇಡಂ ಪರದೆ ನೋಡಿ ಮೆಚ್ಚಿಕೊಂಡು ಹೋದರು. ಬಾಗಿಲು ಮುಚ್ಚಿತೋ ಇಲ್ಲವೋ, ಹೊಟ್ಟೆ ತನ್ನ ಜಾಗಕ್ಕೆ ಮರಳಿತು. ಕ್ಯಾಮೆರಾ ಇನ್ನೂ ನಡೆಯುತ್ತಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ನಮ್ಮ ಹೆಡ್‌ಮಾಸ್ತರ ಗಲಗಲಿ ಸರ್ ಅವರದು ಛತ್ರಿ ಕಡ್ಡಿಯಂಥ ಮೈ. ಹಿಂದೆ ಇದೇ ಚಿಕಿತ್ಸೆ ಬಹಳ ಹೊತ್ತು ನಡೆದು ಅವರ ಬೆನ್ನು ಸುಟ್ಟು ಗಾಯವಾಗಿತ್ತು. ಪಾಪ, ತಿಂಗಳುಗಟ್ಟಲೆ ಬೋರಲು ಮಲಗಿದ್ದರು. ಈಗ ನಾಳ ಮತ್ತೆ ಕಟ್ಟಿತ್ತು. ಚಿಕಿತ್ಸೆಯೇ ಬೇಡ ಎಂದು ಹಟ ಹಿಡಿದಿದ್ದವರನ್ನು "ನಮ್ಮ ಮಾಮಾನ ಸಾಫ್ಟ್‌ವೇರ್ ಬೆನ್ನು ಕಾಯ್ತದರಿ ಸರ್" ಎಂದು ಒಪ್ಪಿಸಿದವನು ನಾನೇ. "ಹಂಗಾದ್ರ ನೀವೂ ಬರ್ರಿ," ಎಂದರು. ಚಿಕಿತ್ಸೆಯ ದಿನ ಸಿಸ್ಟರುಗಳು ನನ್ನನ್ನು ಮಾಮಾನ ಪಕ್ಕದಲ್ಲಿ, ಕೋಣೆಯ ಗಾಜಿನ ಈಚೆಗೆ ನಿಲ್ಲಿಸಿದರು.

ಸಾಫ್ಟ್‌ವೇರ್ ಮಾಮಾನ ದನಿಯಲ್ಲೇ ಮಾತಾಡಿತು: "ದಯವಿಟ್ಟು ಹೊಟ್ಟೆ ಸಡಿಲ ಬಿಡಿ."

ಎಚ್ಚರವಾಗಿಯೇ ಇದ್ದ ಸರ್ "ಬಿಟ್ಟೇನಿ" ಎಂದರು.

"ನಾಚಿಕೆ ಬೇಡ. ಹೊಟ್ಟೆ ಸಡಿಲ ಬಿಡಿ."

"ಇದ್ರ ಬಿಡ್ತಿದ್ನೆಪಾ!"

ಅದು ನಂಬಲಿಲ್ಲ. ಪರದೆಯ ಮೇಲಿದ್ದ ಸರ್ ಚಿತ್ರಕ್ಕೆ ತಾನೇ ಒಂದು ಹೊಟ್ಟೆ ಬರೆಯಿತು. ಮೇಡಂ ನಾಳದೊಳಗೆ ತಂತಿ ತೂರಿಸುತ್ತಿದ್ದಂತೆ ಆ ಹೊಟ್ಟೆ ಗುಡಾಣವಾಯಿತು. ದಪ್ಪ ಮೈಗೆ ಕಿರಣ ಹೆಚ್ಚು ಬೇಕೆಂಬುದು ಅದರ ಲೆಕ್ಕ. ಬೆನ್ನೆಲ್ಲ ಕೆಂಪಾಗಿ, ಗಂಟೆ ಹೊಡೆದುಕೊಳ್ಳತೊಡಗಿತು. ಮೇಡಂ ಕೈ ನಿಲ್ಲಿಸಿದರು.

"ಚನ್ನಬಸು ಅವರ, ಈ ಕೆಂಪು ಖರೇನೋ ಸುಳ್ಳೋ? ಯಂತ್ರದ ಮೀಟರ್ ಒಟ್ಟು ಎಷ್ಟು ಅಂತ ಹೇಳ್ತದ. ಹಳೇ ಗಾಯದ ಮ್ಯಾಲೆ ಎಷ್ಟು ಬಿತ್ತು ಅಂತ ಹೇಳಂಗಿಲ್ಲ. ಲಗೂನ ಹೇಳ್ರಿ, ತಂತಿ ಒಳಗದ."

ಮಾಮಾ ಬೆವರುತ್ತ, ಹೀಗೇಕೆ ಎಂದು ಸಾಫ್ಟ್‌ವೇರನ್ನೇ ಕೇಳಿದ. ಅದು ಗೋಡೆಯ ದೊಡ್ಡ ಪರದೆಯ ಮೇಲೆ ನನ್ನ ವಿಡಿಯೋ ಹಾಕಿತು. ಮೇಡಂ ಬಂದರು, ನನ್ನ ಹೊಟ್ಟೆ ಒಳಗೆ ಹೋಯಿತು. ಮೇಡಂ ಹೋದರು, ಹೊಟ್ಟೆ ಹೊರಗೆ ಬಂತು. ಕೆಳಗೆ ಬರೆದಿತ್ತು: "ಮನುಷ್ಯರು ಜನರೆದುರು ಹೊಟ್ಟೆ ಅಡಗಿಸುತ್ತಾರೆ. ಆಮೇಲೆ ಅದು ಹೊರಬರುತ್ತದೆ."

ಸಿಸ್ಟರುಗಳು ಮಾಸ್ಕ್ ಹಾಕಿಕೊಂಡಿದ್ದರು, ಆದರೆ ಭುಜಗಳು ಕುಣಿಯುತ್ತಿದ್ದವು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಒಣ ಜಂಬಕ್ಕೆ ಸರ್ ಅಲ್ಲಿ ಎದೆಯೊಳಗೆ ತಂತಿ ಇಟ್ಟುಕೊಂಡು ಮಲಗಿದ್ದಾರಲ್ಲ ಎಂದು ತಲೆ ತಗ್ಗಿಹೋಯಿತು.

"ಮಲ್ಲೇಶಿ, ಅಂಗಿ ತಗಿ. ಖರೇ ಹೊಟ್ಟಿ ತೋರಿಸು," ಅಂದ ಮಾಮಾ, ಈಚೆಗಿದ್ದ ಒಂದು ಕ್ಯಾಮೆರಾ ನನ್ನತ್ತ ತಿರುಗಿಸುತ್ತ.

"ಇಲ್ಲೇ? ಎಲ್ಲಾರ ಮುಂದ?"

"ಮಂದಿ ಮುಂದ ಅಡಗಸ್ತೀ ಅಂತ ಕಲ್ತದ. ಮಂದಿ ಮುಂದನ ಬಿಟ್ಟು ತೋರಸ್ಬೇಕು."

ಅಂಗಿ ತೆಗೆದೆ. ಸುಡುಗಾಡು ಅಭ್ಯಾಸ, ಹೊಟ್ಟೆ ತಾನಾಗಿಯೇ ಒಳಗೆ ಹೋಯಿತು. ಗಾಜಿನಾಚೆಯಿಂದ ಸರ್ ಕುತ್ತಿಗೆ ಹೊರಳಿಸಿ ನೋಡಿದರು.

"ಮಾಸ್ತರ, ನನ್ನ ಬೆನ್ನಿನ ಸಲುವಾಗಿ ಬಿಡ್ರಿ."

ಬಿಟ್ಟೆ. ಗೋಡೆಯ ತುಂಬ ನನ್ನ ಹೊಟ್ಟೆ ಹರಡಿ, ಹಾಗೇ ನಿಂತಿತು. ಜನರೆದುರು ಎಲ್ಲರೂ ಹೊಟ್ಟೆ ಅಡಗಿಸುವುದಿಲ್ಲ ಎಂದು ಅದು ಕಲಿತಿರಬೇಕು, ಆ ಕೂಡಲೇ ಸರ್ ಮೇಲಿನ ಸುಳ್ಳು ಹೊಟ್ಟೆ ಮಾಯವಾಯಿತು. ಬೆನ್ನು ಹಸಿರಾಯಿತು, ಹಳೇ ಗಾಯದ ಅಂಚು ಮಾತ್ರ ಹಳದಿ. ಮೇಡಂ ಕೋನ ಬದಲಿಸಿ ಕೆಲಸ ಮುಗಿಸಿದರು. ಸರ್ ಬೆನ್ನಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ.

ಸಾಫ್ಟ್‌ವೇರ್ ಈಗ ಆಸ್ಪತ್ರೆಯಲ್ಲಿ ಚೆನ್ನಾಗಿ ನಡೆಯುತ್ತಿದೆ. ಆದರೆ ಪ್ರತಿ ರೋಗಿಗೂ ಮೊದಲು ನನ್ನ ಹೊಟ್ಟೆ ತೋರಿಸಿ "ನಾಚಿಕೆ ಬೇಡ, ಇವರನ್ನು ನೋಡಿ" ಅನ್ನುತ್ತದೆ. ಅದನ್ನು ಅಳಿಸಲು ಮಾಮಾನಿಂದಲೂ ಆಗಿಲ್ಲ. ಊರಿನ ಹೃದ್ರೋಗಿಗಳೆಲ್ಲ ಬಜಾರಿನಲ್ಲಿ ನನಗೆ ನಮಸ್ಕಾರ ಮಾಡುತ್ತಾರೆ, ನನ್ನ ಮುಖ ನೋಡಿ ಅಲ್ಲ.

ಶಾಲೆಯಲ್ಲಿ ಪ್ರಾರ್ಥನೆಗೆ "ಸಾವಧಾನ್" ಎಂದು ಕೂಗಿ ನಾನು ಉಸಿರೆಳೆದು ನಿಂತರೆ ಸಾಕು, ವರಾಂಡದಿಂದ ಗಲಗಲಿ ಸರ್ ಮೆಲ್ಲಗೆ ಅನ್ನುತ್ತಾರೆ: "ಮಾಸ್ತರ, ನೀವು ವಿಶ್ರಾಮ್."