ಕುರಿಯ ಬೆನ್ನ ಮೇಲೆ ಇಂಗ್ಲಿಷು

"ಬಕ್ರೀದ್ ಬರೋದ್ರೊಳಗೆ ಇಂಗ್ಲಿಷನ್ನ ಅರೆದು ಕುಡೀಲಿಲ್ಲ ಅಂದ್ರೆ ನನ್ನ ಗಡ್ಡ ಬೋಳಿಸ್ರಿ!" ಎಂದು ಜಗಳೂರಿನ ಖಾಜಾಸಾಬ್ ಘೋಷಿಸಿದ. ಬಸ್ಸಿನಲ್ಲಿ ಟಿಕೆಟ್ ಹರಿಯುವ ಭಾವಮೈದ ಮುಖ್ತಾರ್, "ಭಾವಾ, ನಿಮಗೆ ಶಿಪ್ಪೂ ಒಂದೇ, ಶೀಪೂ ಒಂದೇ. ಹಡಗು ಮೇಯಿಸ್ತೀರಿ, ಕುರಿ ತೇಲಿಸ್ತೀರಿ!" ಎಂದು ಜನರೆದುರು ನಕ್ಕಿದ್ದ. ಗಂಡಸಾದವನು ಇದನ್ನು ಸಹಿಸುವುದುಂಟೆ!

ಎರಡನೇ ಮಹಾಯುದ್ಧದ ಕಾಲ. ಕಾಗದಕ್ಕೆ ಬರ, ಶೌರ್ಯಕ್ಕೆ ಬರವಿಲ್ಲ. ಎದುರಿಗೆ ನಿಂತಿದ್ದವು ಬಿಳಿ ಕುರಿಗಳು. ಹೆಂಡತಿ ಅಖ್ತರ್‌ಬೀ ಮಕ್ಕಳ ಹಾಗೆ ಸಾಕಿದವು, ಹಬ್ಬಕ್ಕೆ ಮಾರಬೇಕಾದವು. ಖಾಜಾಸಾಬ್‌ಗೆ ಜ್ಞಾನೋದಯವಾಯಿತು! ಬೆನ್ನ ಮೇಲಿದ್ದ ಮನೆಯ ಹಸಿರು ಗುರುತನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದ. ಕೆಮ್ಮಣ್ಣು ಕಲಸಿ, ಒಂದರ ಮೇಲೆ ಶಿಪ್, ಪಕ್ಕದ್ದರ ಮೇಲೆ ಶೀಪ್, ಮತ್ತೊಂದು ಜೋಡಿಗೆ ಬೆಡ್, ಬ್ಯಾಡ್ ಎಂದು ಇಂಗ್ಲಿಷಿನಲ್ಲಿ ಬರೆದ.

"ಗುರುತು ಯಾಕ್ರೀ ಅಳಿಸಿದ್ರಿ?" ಎಂದಳು ಅಖ್ತರ್‌ಬೀ.

"ನಿಂಗೆ ತಿಳಿಯಲ್ಲ. ಇದು ವಿದ್ಯೆ!"

ವಿದ್ಯೆ ಮೇಯುತ್ತ ಮುಂದೆ ಹೋಯಿತು, ಖಾಜಾಸಾಬ್ ಓದುತ್ತ ಹಿಂದೆ ಹೋದ. ಮಧ್ಯಾಹ್ನ ಜಾಲಿಮರದ ನೆರಳಲ್ಲಿ ಗೊರಕೆ. ಅಷ್ಟರಲ್ಲಿ ಕುರಿಗಳು ಮೈಗೆ ಮೈ ಉಜ್ಜಿ, ಅಕ್ಷರವೆಲ್ಲ ಬರೀ ಕೆಂಪು ಗೆರೆಯಾಗಿತ್ತು. ಕೆಂಪು ಗೆರೆ, ಪಕ್ಕದಲ್ಲೇ ಕುರಿ ಮೇಯಿಸುತ್ತಿದ್ದ ಪಾಪಣ್ಣನ ಮಂದೆಯ ಗುರುತು! ಪಾಪಣ್ಣ ಅವನ್ನೂ ಹೊಡೆದುಕೊಂಡು ಹೋಗಿ ತನ್ನ ದೊಡ್ಡಿಗೆ ತುಂಬಿದ.

ಎಚ್ಚೆತ್ತ ಖಾಜಾಸಾಬ್, ಅಕ್ಷರಕ್ಕೆ ಸಾಕ್ಷಿ ಇರಲೆಂದು ಮುಖ್ತಾರನನ್ನು ಎಳೆದುಕೊಂಡು ದೊಡ್ಡಿಗೆ ಓಡಿದ. "ಪಾಪಣ್ಣ, ಅದು ಗೆರೆ ಅಲ್ಲ, ಇಂಗ್ಲಿಷು! ನೋಡು, ಇದು ಶಿಪ್!"

"ಅಲ್ಲ ಭಾವಾ, ಶೀಪ್!"

"ನನ್ನ ಕೈಬರಹ ನನಗೇ ಹೇಳಿಕೊಡ್ತೀಯೇನೋ?"

"ಸಾಬ್ರೆ, ಹಡಗೋ ಕುರಿಯೋ ನೀವು ಮೊದ್ಲು ತೀರ್ಮಾನ ಮಾಡ್ಕೊಳ್ರಿ," ಎಂದು ಪಾಪಣ್ಣ ಅಗುಳಿ ಹಾಕಿದ.

ಕುರಿಗಳು ಒಳಗೆ, ಖಾಜಾಸಾಬ್ ಹೊರಗೆ. ಆದರೆ ಬಾಯಿ ಸೋಲಬೇಕಲ್ಲ! "ಕೋರ್ಟಿಗೆ ಹೋಗ್ತೀನಿ! ಇಂಗ್ಲಿಷಲ್ಲೇ ವಾದ ಮಾಡ್ತೀನಿ!"

ಅಷ್ಟರಲ್ಲಿ ಅಖ್ತರ್‌ಬೀ ಬಂದಳು. ಯಾರ ಮುಖವನ್ನೂ ನೋಡದೆ ಬೇಲಿಯ ಹೊರಗೆ ನಿಂತು ಕೂಗಿದಳು: "ಬಾರೇ ಬೆಳ್ಳಿ! ಬಾರೋ ನವಾಬ!" ಅವಳ ಕುರಿಗಳೆಲ್ಲ ಮಂದೆ ಸೀಳಿಕೊಂಡು ಬಂದು ಬಾಗಿಲ ಸಂದಿಗೆ ಮೂತಿ ತೂರಿಸಿದವು. ಪಾಪಣ್ಣ ಅಗುಳಿ ತೆಗೆದ.

"ನೋಡಿದ್ರಾ, ನನ್ನ ಪಾಠದಿಂದ ಕುರಿಗೂ ಬುದ್ಧಿ ಬಂದೈತೆ!" ಎಂದು ಖಾಜಾಸಾಬ್ ದಾರಿಯುದ್ದಕ್ಕೂ ಎದೆ ಸೆಟೆಸಿ ನಡೆದ.

ಮನೆಗೆ ಬಂದವಳೇ ಅಖ್ತರ್‌ಬೀ ಹಸಿರು ಬಣ್ಣ ಕಲಸಿ ಪ್ರತಿ ಕುರಿಗೂ ಗುರುತು ಹಾಕಿದಳು. ಕೊನೆಗೆ ಗಂಡನ ಬಿಳಿ ಅಂಗಿಯ ಬೆನ್ನಿಗೂ ಪಟ್ಟನೆ ಒಂದು ಬಡಿದಳು.

"ಅರೆ! ಇದೇನೇ?"

"ಅವು ಕರೆದ್ರೆ ಮನೆಗೆ ಬರ್ತಾವೆ. ಇದು ಕರೆದ್ರೂ ಬರಲ್ಲ, ಗುರುತಾದ್ರೂ ಇರ್ಲಿ!"