ಗಡ್ಡೆಗೆ ಕೊಟ್ಟ ನೋಟಿಸು

ತೋಟ ಕಾರ್ಮಿಕರ ಆರೋಗ್ಯ ಸಹಾಯ ನಿಧಿಯ ಹದಿನೇಳನೇ ನಿಯಮದ ಪ್ರಕಾರ, ರೋಗವನ್ನು ಕೊಲ್ಲುವ ಔಷಧಿಗೆ ಮಾತ್ರ ಮಂಜೂರಾತಿ ಉಂಟು. ರೋಗಕ್ಕೆ ಬರೀ ತೊಂದರೆ ಕೊಡುವ ಔಷಧಿಗೆ ಇಲ್ಲ.

ಬಣಕಲ್ ಹತ್ತಿರದ ಎಸ್ಟೇಟೊಂದರಲ್ಲಿ ಮೇಸ್ತ್ರಿಯಾಗಿರುವ ಭೂತಯ್ಯನಿಗೆ ಇದು ಗೊತ್ತಾದದ್ದು ಈ ವರ್ಷ, 2009ರಲ್ಲಿ, ನಿಧಿಯ ಮೂಡಿಗೆರೆ ಕಚೇರಿಯ ಬೆಂಚಿನ ಮೇಲೆ. ಅವನ ಹೆಂಡತಿ ದ್ಯಾವಮ್ಮನ ಮೆದುಳಿನಿಂದ ಕತ್ತರಿಸಿ ತೆಗೆದ ಗಡ್ಡೆ ಮತ್ತೆ ಬೆಳೆದಿತ್ತು. "ಅದು ತನಗೆ ಬೇಕಾದ ರಕ್ತನಾಳ ತಾನೇ ಹುಟ್ಟಿಸಿಕೊಂಡು ಕುಡಿದು ಕೊಬ್ಬುತ್ತೆ. ಈ ಇಂಜೆಕ್ಷನ್ ಹೊಸ ನಾಳ ಹುಟ್ಟದ ಹಾಗೆ ತಡೆಯುತ್ತೆ. ವಾಸಿಯಾಗುತ್ತೆ ಅನ್ನಲ್ಲ, ಒಂದಷ್ಟು ದಿನ ಸಿಗಬಹುದು," ಎಂದಿದ್ದರು ಡಾಕ್ಟರು. ಭೂತಯ್ಯನಿಗೆ ಆ ದಿನಗಳು ಬೇಕಿದ್ದವು.

ಅಧಿಕಾರಿ ಷಡಕ್ಷರಿ ಒತ್ತುವರಿ ತೆರವು ವಿಭಾಗದಿಂದ ವರ್ಗವಾಗಿ ಬಂದವರು. ಅರ್ಜಿ ಕೊಟ್ಟು ಮೂರು ತಿಂಗಳಾದ ಮೇಲೆ ಡಾಕ್ಟರ ಚೀಟಿ ಓದಿ ಕೇಳಿದರು: "ಇದು ಕೊಲ್ಲುತ್ತೇನಯ್ಯ?"

"ಇಲ್ಲ ಸಾರ್, ತಡೆಯುತ್ತೆ."

"ಬರೀ ತಡೆಯೋಕೆ ಹೊರಗಿಂದ ಯಾಕೆ ತರಿಸಬೇಕು ಮಾರಾಯ? ನಾವಿಲ್ವಾ?"

ಅಂದೇ ನೋಟಿಸು ಸಿದ್ಧವಾಯಿತು. "ದ್ಯಾವಮ್ಮನವರ ತಲೆಯ ಬಲಭಾಗದಲ್ಲಿ ವಾಸವಿರುವ ಗಡ್ಡೆಗೆ ತಿಳಿಸುವುದೇನೆಂದರೆ, ಪೂರ್ವಾನುಮತಿಯಿಲ್ಲದೆ ಹೊಸ ರಕ್ತನಾಳ ನಿರ್ಮಿಸಿಕೊಳ್ಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ."

ಭೂತಯ್ಯ ಅದನ್ನು ಹೆಂಡತಿಯ ಬಲಗಿವಿಗೆ ಓದಿದ.

"ಗಟ್ಟಿಯಾಗಿ ಓದಿ ಮಾರಾಯ್ರೆ," ಅಂದಳು ದ್ಯಾವಮ್ಮ, "ಒಳಗಿರೋರಿಗೆ ಕೇಳ್ಬೇಕಲ್ಲ."

ತಿಂಗಳು ಕಳೆದು ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಇನ್ನೂ ದಪ್ಪವಾಗಿತ್ತು. ಹಿಂದೆಲ್ಲ ಭೂತಯ್ಯ ಆ ಕಚೇರಿಯಲ್ಲಿ ಕೈ ಮುಗಿದಿದ್ದ, ಅತ್ತೂ ಇದ್ದ. ಈ ಸಲ ಫಿಲ್ಮನ್ನು ಮೇಜಿನ ಮೇಲಿಟ್ಟು, "ನಿಮ್ಮ ಸಹಿಗೆ ಅದು ಮೂರು ಕಾಸಿನ ಬೆಲೆ ಕೊಡ್ಲಿಲ್ಲ ಸಾರ್," ಅಂದ.

ಷಡಕ್ಷರಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಟಿಸು ಮುಟ್ಟಿದ ಮೇಲೂ ಬೆಳೀತಾ?"

"ಮುಟ್ಟಿದ ಮೇಲೇ ಜಾಸ್ತಿ."

ಗುಮಾಸ್ತೆ ಗಿರಿಜಾಂಬಾ ಕನ್ನಡಕ ಸರಿಮಾಡಿಕೊಂಡರು. "ಸಾರ್, ಬಹಳ ದಿನದಿಂದ ಅಲ್ಲೇ ಇದ್ದೀನಿ, ಸಕ್ರಮ ಮಾಡಿಕೊಡಿ ಅಂತ ಅದೇ ಅರ್ಜಿ ಹಾಕಿದ್ರೆ? ಒತ್ತುವರಿ ಮಾಡಿದ ತೋಟದವರೆಲ್ಲ ಹಾಕಿದ್ದು ಹಂಗೇ ಅಲ್ವಾ?"

ಷಡಕ್ಷರಿಯವರ ಮುಖ ಕೆಂಪಾಯಿತು. ರೋಗಿಯ ಅರ್ಜಿ ನಾಲ್ಕು ತಿಂಗಳಲ್ಲಿ ಒಂದು ಮೇಜು ದಾಟಿತ್ತು. ಕಚೇರಿಗೆ ಆದ ಅವಮಾನ ಊಟದ ಹೊತ್ತಿಗೆ ಐದು ಮೇಜು ದಾಟಿತು. ಔಷಧಿಯ ಪೂರ್ತಿ ಖರ್ಚು "ಒತ್ತುವರಿ ತೆರವು ಕಾರ್ಯಾಚರಣೆ" ಬಾಬಿನಲ್ಲಿ ಮಂಜೂರಾಯಿತು.

ಈಗ ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರೆ. ಕಚೇರಿಯ ಜವಾನ ಮಂಚದ ಪಕ್ಕ ಕೂತು ಮಹಜರು ಬರೆಯುತ್ತಾನೆ. ನರ್ಸಮ್ಮ, ಆಯಾ ಪಂಚರಾಗಿ ಸಹಿ ಹಾಕುತ್ತಾರೆ. ಡಾಕ್ಟರೂ ಸೀಲು ಒತ್ತುತ್ತಾರೆ. ಮೊನ್ನೆಯ ಸ್ಕ್ಯಾನಿನಲ್ಲಿ ಗಡ್ಡೆ ಇದ್ದಷ್ಟೇ ಇತ್ತು. ಕಡತದಲ್ಲಿ "ಯಥಾಸ್ಥಿತಿ" ಎಂದು ಬರೆದುಕೊಂಡರು. ಭೂತಯ್ಯ ಆ ಪದವನ್ನು ಎರಡು ಸಲ ಓದಿಸಿ ಕೇಳಿದ.

ಕಾರ್ಯಾಚರಣೆಯ ವೇಳೆ ಜಾಗದ ಮಾಲೀಕರು ಖುದ್ದು ಹಾಜರಿರಬೇಕೆಂಬ ಷರತ್ತಿದೆ. ದ್ಯಾವಮ್ಮ ಈವರೆಗೆ ಒಂದು ಸಲವೂ ತಪ್ಪಿಸಿಲ್ಲ.