ಶಾಲೆಯ ಬೇಲಿಯಲ್ಲಿರುವ ಕಾಡು ಔಡಲದವರಿಗೆ

ಮಾನ್ಯರೇ,

ಎಲೆ, ಕಾಯಿ, ಹಾಲುಗಳೊಡನೆ ತಾವು ಸೌಖ್ಯವೆಂದು ಭಾವಿಸಿ, ತಾಮೀರಾತ್, ಅಂದರೆ ಈಗಿನ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರನಾದ ನಾನು, ಊರವರೆಲ್ಲ ಓದಲೆಂದೇ ತಮಗೆ ಈ ದೂರು ಬರೆಯುತ್ತಿದ್ದೇನೆ. ಮೊದಲು ಸಂಗತಿಗಳು:

೧. ಸೋಮವಾರ ನಮ್ಮೂರ ಶಾಲೆಯಲ್ಲಿ ಏಳು ಮಕ್ಕಳು ವಾಂತಿಭೇದಿಯಿಂದ ಬಿದ್ದರು.

೨. ಶಾಲೆಯ ಕೊಡದ ನೀರನ್ನು ಆ ಏಳು ಮಕ್ಕಳಷ್ಟೇ ಅಲ್ಲ, ಮಿಕ್ಕ ಎಲ್ಲ ಮಕ್ಕಳೂ, ಬಾವಿಯ ರಾಟೆ ನೋಡಲು ಬಂದಿದ್ದ ನಾನೂ ಕುಡಿದಿದ್ದೆವು.

೩. ಆ ನೀರು ತುಂಬುವವರು ಖಾಜಾಬೀ.

೪. ಖಾಜಾಬೀ ಈಗ ಠಾಣೆಯಲ್ಲಿದ್ದಾರೆ, ತಾವು ಬೇಲಿಯಲ್ಲಿದ್ದೀರಿ.

ಅಂದು ತಾವು ತೋರಿದ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹೆಡ್‌ಮಾಸ್ತರರು ಹುಣಸೆನೀರು ತರಿಸಿದರು; ಯಾರೋ ಉಪ್ಪುನೀರೆಂದರು; ಮತ್ಯಾರೋ ದೃಷ್ಟಿಯೆಂದು ಮೆಣಸಿನಕಾಯಿ ನೀವಾಳಿಸಿ ಬೆಂಕಿಗೆ ಹಾಕಿ, ನೆಟ್ಟಗಿದ್ದ ಮಕ್ಕಳೂ ಕೆಮ್ಮುವಂತೆ ಮಾಡಿದರು. ನಾನು ಶಹಾಪುರದ ಡಾಕ್ಟರರಿಗೆ ಸೈಕಲ್ ಸವಾರನನ್ನು ಕಳಿಸಿದೆ. ಏನು ತಿಂದಿರೆಂದು ಮಾತ್ರ, ನನ್ನನ್ನೂ ಸೇರಿಸಿ, ಯಾರೂ ಕೇಳಲಿಲ್ಲ. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾದಂದಿನಿಂದ "ಬಾವಿಗಿ ವಿಷಾ ಹಾಕ್ಯಾರಂತ" ಎಂಬ ಮಾತು ಊರಲ್ಲಿ ಒಂದು ಹೆಸರಿಗಾಗಿ ಕಾಯುತ್ತಿತ್ತು. ತಮ್ಮ ಹೆಸರು ಯಾರಿಗೂ ಹೊಳೆಯಲಿಲ್ಲ.

ಬಿಸಿಲಲ್ಲಿ ಬಂದ ಪೊಲೀಸ್ ಅಮೀನರು ಆ ಕೊಡದ ನೀರನ್ನೇ ಎರಡು ತಂಬಿಗೆ ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಅದು ವಿಷದ ಕೊಡವೆಂದು ಜಪ್ತಿ ಮಾಡಿದರು. "ಕೂಸುಗಳ ಬಾಯಿ ಒಣಗ್ಯಾವ್ರಿ, ಮದ್ಲ ಒಂದೀಟು ನೀರ್ ಕೊಡ್ರಿ" ಎಂದು ಖಾಜಾಬೀ ಜೀಪು ಹತ್ತುವಾಗಲೂ ಕೂಗಿದರು. ಯಾರೂ ಕೊಡಲಿಲ್ಲ, ನೀರು ಜಪ್ತಿಯಾಗಿತ್ತು.

ಡಾಕ್ಟರರು ಬಂದು ಮೊದಲು ಕೇಳಿದ್ದೇ, "ಏನ್ ತಿಂದೀರವ್ವ?" ಎಂದು. ಭೀಮವ್ವನೆಂಬ ಹುಡುಗಿ, "ಬೇಲ್ಯಾಗಿನ ಬೀಜಾರಿ. ಸೇಂಗಾ ಹಂಗ ಸೀ ಇದ್ದವ್ರಿ" ಎಂದು ಮುಷ್ಟಿ ಬಿಚ್ಚಿ ತೋರಿಸಿದಳು. ತಿಂದವರು ಯಾರೆಂದು ಕೇಳಿದಾಗ ಮೇಲೆದ್ದವು ಏಳೇ ಕೈ. ಡಾಕ್ಟರರು ಆ ಬೀಜಗಳೊಡನೆಯೇ ಮಕ್ಕಳನ್ನು ಶಹಾಪುರದ ಆಸ್ಪತ್ರೆಗೆ ಒಯ್ದರು. ಈಗ ಏಳೂ ಮಕ್ಕಳು ಗಂಜಿ ಕುಡಿಯುತ್ತಿದ್ದಾರೆ. ಈ ಸುದ್ದಿಯನ್ನು ಠಾಣೆಗೆ ಮುಟ್ಟಿಸಿದಾಗ ಅಮೀನರು ನಕ್ಕು, "ಈಗೇನ್ ಗಿಡಕ್ಕ ಬೇಡಿ ಹಾಕ್ಲೇನ್ರಿ, ಓವರ್‌ಸಿಯರ್ ಸಾಹೇಬ್ರ?" ಎಂದರು.

ಆದಕಾರಣ ತಾವು ದಯಮಾಡಿ ಬೇರುಸಮೇತ ಠಾಣೆಗೆ ಬಂದು, ಎರಡು ಕೊಂಬೆಗಳನ್ನು ಮುಂದೆ ಚಾಚಿ ಬೇಡಿ ತೊಡಿಸಿಕೊಳ್ಳಬೇಕಾಗಿ ವಿನಂತಿ. ಹೇಳಿಕೆ ಉರ್ದುವಿನಲ್ಲಿರಬೇಕೋ ಕನ್ನಡದಲ್ಲೋ ಎಂಬುದು ಠಾಣೆಗೇ ಇನ್ನೂ ತಿಳಿಯದ್ದರಿಂದ ಎರಡನ್ನೂ ಕಲಿತು ಬನ್ನಿ. ಹೆಸರನ್ನು ಸ್ಪಷ್ಟವಾಗಿ ಹೇಳಿ. ಅಲ್ಲಿನ ತನಿಖೆ ಅದರಿಂದ ಶುರುವಾಗಿ ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತದೆ.

ತಮ್ಮ ಹಾಲು ಸಿಡಿಯದಷ್ಟು ದೂರದಲ್ಲಿ ನಿಂತ,
ತಮ್ಮ ವಿಶ್ವಾಸಿ,
ಬಸವಂತ್ರಾಯ, ಓವರ್‌ಸಿಯರ್

ಮರೆತ ಮಾತು: ವಿಷದ ನೀರನ್ನು ಎರಡು ತಂಬಿಗೆ ಕುಡಿದೂ ಅಮೀನರು ಆರೋಗ್ಯವಾಗಿದ್ದಾರೆಂದು ತಿಳಿಸಲು ಸಂತೋಷಪಡುತ್ತೇನೆ. ಅದನ್ನು ಕಂಡವನು ನಾನು. ಸರಕಾರಿ ನೌಕರ ಇಂಥದ್ದನ್ನು ಕಂಡಿರಬಾರದೆಂದು ನನ್ನ ಮೇಲಧಿಕಾರಿಗಳು ಸೂಚಿಸಿದ್ದಾರೆ. ಆದರೂ ಕಂಡದ್ದನ್ನು ನಾಳೆ ಸುರಪುರಕ್ಕೆ ಹೋಗಿ ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತೇನೆ.